ಗುರ್ಕಾರನ ಹೆಗಲು, ವಿಗಾರರ ಸಹಿ

ಇಗರ್ಜಿಯ ಪಾಲನಾ ಮಂಡಳಿಯ ಅವಧಿ ಮುಗಿಯುತ್ತ ಬಂತು ಅಂದರೆ ವಾರ್ಡು ವಾರ್ಡಿನಲ್ಲಿ ಒಂದೇ ಪ್ರಶ್ನೆ: ಮುಂದಿನ ಗುರ್ಕಾರ ಯಾರು? ಒಂದು ಕಾಲದಲ್ಲಿ ಈ ಸ್ಥಾನಕ್ಕೆ ಪೈಪೋಟಿ ಇತ್ತು. ಈಗ ವಾರ್ಡಿನ ಸಭೆಯಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ಕೊನೆಗೆ, "ನೀವೇ ಇನ್ನೊಂದು ಸಲ ಮುಂದುವರಿಯಿರಿ ಮಾರಾಯ್ರೆ" ಅಂತ ಹಳಬರ ತಲೆಗೇ ಕಟ್ಟಿ ಎದ್ದು ಹೋಗುತ್ತಾರೆ. ಹಳಬರಿಗೆ ಅರವತ್ತು ದಾಟಿದೆ, ಮಂಡಿನೋವು ಬೇರೆ.

ಇದು ಯಾಕೆ ಹೀಗಾಯ್ತು? ಹುಡುಗರು ಗಲ್ಫಿಗೆ, ಬೆಂಗಳೂರಿಗೆ, ಈಗೀಗ ಕೆನಡಾಕ್ಕೆ ಹೋದರು ಎಂಬ ಉತ್ತರ ಸಿದ್ಧವಾಗಿಯೇ ಇದೆ. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಊರಲ್ಲೇ ಇರುವ ಹುಡುಗರೂ ಬರುವುದಿಲ್ಲವಲ್ಲ!

ಹೊರಗಿನ ಓದುಗರಿಗೆ ಎರಡು ಮಾತು ಹೇಳಬೇಕು. ನಮ್ಮ ಕರಾವಳಿಯ ಕೆಥೊಲಿಕ್ ಇಗರ್ಜಿಗಳ ವ್ಯಾಪ್ತಿಯನ್ನು ವಾರ್ಡುಗಳಾಗಿ ಹಂಚಿರುತ್ತಾರೆ, ಕೊಂಕಣಿಯಲ್ಲಿ ವಾಡೊ ಅನ್ನುತ್ತಾರೆ. ಒಂದೊಂದು ವಾರ್ಡಿಗೆ ಒಬ್ಬ ಗುರ್ಕಾರ. ಈ ಹೆಸರು ರೋಮಿನಿಂದ ಬಂದದ್ದಲ್ಲ. ಮೊಗವೀರರಲ್ಲಿ ಗುರಿಕಾರ ಅಂದರೆ ಊರಿನ ಯಜಮಾನ. ಇಗರ್ಜಿಯ ಗುರ್ಕಾರನೂ ಅದೇ ಬಳ್ಳಿಯ ಕಾಯಿ.

ಇವತ್ತಿನ ಗುರ್ಕಾರನಿಗೆ ಯಜಮಾನಿಕೆ ಉಳಿದಿಲ್ಲ, ಕೆಲಸ ಮಾತ್ರ ಉಳಿದಿದೆ. ವಾರ್ಡಿನಲ್ಲಿ ಸಾವಾದರೆ ಮೊದಲ ಫೋನು ಇವನಿಗೆ. ರಾತ್ರಿ ಎರಡು ಗಂಟೆಯಾದರೂ ಏಳಬೇಕು, ವಿಗಾರರಿಗೆ ತಿಳಿಸಬೇಕು, ಹೊಂಡ ತೆಗೆಸಬೇಕು, ಸಾವಿನ ಮನೆಗೆ ಕುರ್ಚಿ ಮುಟ್ಟಿಸಬೇಕು. ವರ್ಷದ ವಂತಿಗೆಗೆ ಮನೆ ಮನೆ ತಿರುಗಬೇಕು. ಕೊಡದವರ ಮನೆಗೆ ಮೂರು ಸಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ ಹೊಸ ತೆನೆ ಮನೆಮನೆಗೆ ಹಂಚಿಕೆಯಾಗಬೇಕು, ಮಕ್ಕಳ ಕೈಗೆ ಕಬ್ಬು ಸಿಗಬೇಕು. ಕಬ್ಬು ಕಮ್ಮಿಯಾದರೆ ಬೈಗುಳ ಗುರ್ಕಾರನಿಗೆ. ಗಂಡ ಹೆಂಡತಿ ಜಗಳ, ಅಣ್ಣ ತಮ್ಮಂದಿರ ಬೇಲಿ ತಕರಾರು ಎಲ್ಲದಕ್ಕೂ ಅವನೇ. ಸಂಬಳ ಸೊನ್ನೆ, ಪೆಟ್ರೋಲು ಸ್ವಂತದ್ದು.

ಗುರ್ಕಾರ ಒಬ್ಬನೇ ಅಲ್ಲ. ಆದಿತ್ಯವಾರ ಮಕ್ಕಳಿಗೆ ದೊತೊರ್ನ್ ಕಲಿಸುವವರು, ಹಾಡುವವರು, ಪೂಜೆಯಲ್ಲಿ ವಾಚನ ಓದುವವರು, ಎಲ್ಲ ಬಿಟ್ಟಿ ದುಡಿಮೆಯೇ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯವರು ಇಲ್ಲಿಯೂ ಬಡವರ ಮನೆ ಬಾಗಿಲಿಗೆ ಅಕ್ಕಿ, ಔಷಧಿ ಹಿಡಿದು ಹೋಗುತ್ತಾರೆ. ಜನವರಿಯಲ್ಲಿ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಜಾತಿ ಮತ ನೋಡದೆ ಜನ ಸೇರುತ್ತಾರಲ್ಲ, ಅಷ್ಟೊಂದು ಜನರ ಸಾಲು ಹಿಡಿಯುವ, ವಾಹನ ನಿಲ್ಲಿಸುವ ಕೆಲಸಕ್ಕೆ ಸ್ವಯಂಸೇವಕರಿಲ್ಲದಿದ್ದರೆ ಮೊದಲ ದಿನವೇ ಗೋವಿಂದ. ಪಾದ್ರಿಗಳು ಪೂಜೆ ಹೇಳಬಹುದು, ಇಗರ್ಜಿ ನಡೆಸುವುದು ಇವರೇ.

ಆದರೆ ತೀರ್ಮಾನ ಯಾರದ್ದು? ಅಲ್ಲಿಗೆ ಬಂದಾಗ ಕತೆ ಬೇರೆ.

1983ರಲ್ಲಿ ಜಾರಿಗೆ ಬಂದ ಕೆಥೊಲಿಕ್ ಧರ್ಮಸಭೆಯ ಕಾನೂನು ಸಂಹಿತೆಯ 536ನೇ ಕಲಮು ಓದಿ ನೋಡಿ. ಬಿಷಪರಿಗೆ ಸರಿ ಕಂಡರೆ ಮಾತ್ರ ಪಾಲನಾ ಮಂಡಳಿ ಮಾಡಬೇಕು. ಅದಕ್ಕೆ ವಿಗಾರರೇ ಅಧ್ಯಕ್ಷರು. ಮಂಡಳಿಗೆ ಇರುವುದು ಸಲಹೆ ಕೊಡುವ ಮತ ಮಾತ್ರ. ನಮ್ಮಲ್ಲಿ ಉಪಾಧ್ಯಕ್ಷರು ಜನಸಾಮಾನ್ಯರಲ್ಲೇ ಒಬ್ಬರು, ಹಬ್ಬದ ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರೂ ಇರುತ್ತದೆ. ಆದರೆ ಇಡೀ ಮಂಡಳಿ ಒಂದೇ ಸ್ವರದಲ್ಲಿ 'ಬೇಡ' ಅಂದರೂ ವಿಗಾರರು 'ಬೇಕು' ಅಂದರೆ ಕಾನೂನಿನ ಪ್ರಕಾರ ಬೇಕು. ಇಗರ್ಜಿಯ ವ್ಯವಹಾರದಲ್ಲಿ ಧರ್ಮಕೇಂದ್ರದ ಪರವಾಗಿ ಸಹಿ ಹಾಕುವವರು ಅವರೇ, ಅದು 532ನೇ ಕಲಮು.

ಹಣದ ವಿಷಯದಲ್ಲಿ ಮಾತ್ರ ಕಾನೂನು ಸ್ವಲ್ಪ ಗಟ್ಟಿ. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು ಅನ್ನುತ್ತದೆ 537. ಜನ ಕೊಟ್ಟ ಕಾಣಿಕೆಯ ಲೆಕ್ಕವನ್ನು ಜನರಿಗೇ ಒಪ್ಪಿಸಬೇಕು ಅನ್ನುತ್ತದೆ 1287. ಲೆಕ್ಕ ಓದಿ ಹೇಳುವ, ಪ್ರತಿ ಹಂಚುವ ವಿಗಾರರು ಇದ್ದಾರೆ, ಅವರ ಇಗರ್ಜಿಗಳಲ್ಲಿ ಗುರ್ಕಾರ ವಂತಿಗೆಗೆ ಹೋದಾಗ ಬಾಗಿಲು ಬೇಗ ತೆರೆಯುತ್ತದೆ. ಲೆಕ್ಕ ಕೇಳಿದರೆ ಮುಖ ಊದಿಸುವವರೂ ಇಲ್ಲವೆಂದಲ್ಲ. ಅಲ್ಲಿ ಹೊಸ ಕಟ್ಟಡದ ಬಗ್ಗೆ ಜನ ಕೇಳುವ ಪ್ರಶ್ನೆಗೆ ಮೊದಲು ಎದುರಾಗುವವನು ವಿಗಾರರಲ್ಲ, ರಶೀದಿ ಪುಸ್ತಕ ಹಿಡಿದ ಗುರ್ಕಾರ. ಉತ್ತರ ಅವನಿಗೂ ಗೊತ್ತಿಲ್ಲ. ಓದಿದ, ಕೆಲಸದಲ್ಲಿರುವ, ನಾಲ್ಕು ಜನರ ಮುಂದೆ ಮರ್ಯಾದೆ ಇಟ್ಟುಕೊಂಡ ಹುಡುಗ ಈ ಸ್ಥಾನಕ್ಕೆ ಯಾಕೆ ಬರುತ್ತಾನೆ ಸ್ವಾಮಿ?

ಹೆಂಗಸರ ಸಂಗತಿ ಇನ್ನೂ ವಿಚಿತ್ರ. ದೊತೊರ್ನ್ ತರಗತಿಗೆ ಇಣುಕಿ ನೋಡಿ, ಕಲಿಸುವವರಲ್ಲಿ ಹೆಂಗಸರೇ ಹೆಚ್ಚು. ಪೀಠದ ಹತ್ತಿರ ನಿಂತು ವಾಚನ ಓದುವವರೂ ಅವರೇ. ಆದರೆ 1972ರಲ್ಲಿ ಪೋಪ್ ಆರನೇ ಪಾವ್ಲರು ವಾಚಕರ ಹುದ್ದೆಯನ್ನು ಜನಸಾಮಾನ್ಯರಿಗೆ ತೆರೆದಾಗ ಗಂಡಸರಿಗೆ ಮಾತ್ರ ತೆರೆದರು. ಹೆಂಗಸರು ಅಷ್ಟು ವರ್ಷ ಓದಿದ್ದೆಲ್ಲ ತಾತ್ಕಾಲಿಕ! 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಆ ಬಾಗಿಲು ಹೆಂಗಸರಿಗೂ ತೆರೆದರು, ಅದೇ ಮೇ ತಿಂಗಳಲ್ಲಿ ದೊತೊರ್ನ್ ಕಲಿಸುವವರಿಗೂ ಒಂದು ಹುದ್ದೆಯ ಮಾನ ಕೊಟ್ಟರು. ಈಗ ಹೆಂಗಸರು ಗುರ್ಕಾರರಾಗುತ್ತಿದ್ದಾರೆ. ಒಳ್ಳೆಯದೇ. ಆದರೆ ಗಂಡಸರು ಬೇಡವೆಂದು ಬಿಟ್ಟ ಮೇಲೆ ಸಿಕ್ಕಿದ್ದೋ, ನಿಜವಾಗಿ ಕೊಟ್ಟದ್ದೋ ಎಂಬ ಸಂಶಯ ನನಗಿದೆ.

ಹಾಗಾದರೆ ಎಲ್ಲದಕ್ಕೂ ಓಟು ಹಾಕಿಸಿದರೆ ಸರಿಹೋಗುತ್ತದಾ? ದೂರ ಹೋಗಬೇಕಾಗಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಹಿರಿಯರ ಪದ್ಧತಿ ಇತ್ತು. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್ಐಯಲ್ಲಿ, ಸಭೆಯ ಸಮಿತಿಗೆ ಚುನಾವಣೆಯೇ ನಡೆಯುತ್ತದೆ. ಜನರಿಗೆ ಅಲ್ಲಿ ಬಾಯಿ ಇದೆ. ಜೊತೆಗೆ ಗುಂಪೂ ಇದೆ, ಮೇಲಿನ ಹಂತದ ಚುನಾವಣೆಗಳು ಕೋರ್ಟಿನ ಮೆಟ್ಟಿಲು ಹತ್ತಿದ್ದೂ ಇದೆ. ಕೆಥೊಲಿಕ್ ಪಾದ್ರಿಗಳು ಇದನ್ನೇ ತೋರಿಸಿ, "ನಮಗೆ ಆ ರಾಜಕೀಯ ಬೇಡ" ಅನ್ನುವುದುಂಟು. ಮಾತಿನಲ್ಲಿ ಹುರುಳಿದೆ. ಆದರೆ ಓಟು ಬೇಡ ಅನ್ನುವುದು ಬೇರೆ, ಉತ್ತರ ಕೊಡುವುದಿಲ್ಲ ಅನ್ನುವುದು ಬೇರೆ.

ಈ ಉತ್ತರದ ಮಾತನ್ನು ಈಗ ರೋಮೇ ಎತ್ತಿದೆ. 2021ರಲ್ಲಿ ಶುರುವಾದ ಸಿನೊಡ್ ನೆನಪಿರಬೇಕು. ಪ್ರತಿ ಧರ್ಮಕೇಂದ್ರದಲ್ಲೂ ಜನರ ಅಭಿಪ್ರಾಯ ಕೇಳಬೇಕು ಅಂತ ಅಪ್ಪಣೆಯಾಗಿತ್ತು. 2024ರ ಅಕ್ಟೋಬರ್ 26ರಂದು ಅದರ ಕೊನೆಯ ದಸ್ತಾವೇಜು ಹೊರಬಿತ್ತು. ಧರ್ಮಕೇಂದ್ರದ ಪಾಲನಾ ಮಂಡಳಿಯಂಥ ಸಮಿತಿಗಳು ಕಡ್ಡಾಯವಾಗಬೇಕು, ಕಾನೂನಿನಲ್ಲಿರುವ 'ಸಲಹೆಯ ಮತ ಮಾತ್ರ' ಎಂಬ ಮಾತನ್ನೇ ಮತ್ತೆ ಪರಿಶೀಲಿಸಬೇಕು ಅಂತ ಅದರಲ್ಲಿದೆ. ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು: ಸಮಾಲೋಚನೆಯಲ್ಲಿ ಒಮ್ಮತ ಬಂದ ಮೇಲೆ ಅಧಿಕಾರದಲ್ಲಿರುವವರು ಅದನ್ನು ಬಿಟ್ಟು ನಡೆಯುವುದಾದರೆ ಬಲವಾದ ಕಾರಣ ಬೇಕು, ಆ ಕಾರಣ ಬಿಡಿಸಿ ಹೇಳಬೇಕು. ಪೋಪ್ ಫ್ರಾನ್ಸಿಸ್ ಅದನ್ನು ಅಂದೇ ಒಪ್ಪಿದರು. 2025ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು, ಕಾಗದ ಉಳಿದಿದೆ.

ಈ ಕಾಗದ ಎಷ್ಟು ಇಗರ್ಜಿಗಳ ಮಂಡಳಿಯ ಮೇಜಿನ ಮೇಲೆ ಬಂದಿದೆ? ಕಾನೂನು ತಿದ್ದುಪಡಿಗೆ ವರ್ಷಗಳು ಹಿಡಿಯಬಹುದು, ರೋಮಿನ ಗಡಿಯಾರ ನಿಧಾನ. ಆದರೆ ಕಾರಣ ಹೇಳುವುದಕ್ಕೆ ತಿದ್ದುಪಡಿ ಬೇಕಾಗಿಲ್ಲ, ಬಿಷಪರ ಅಪ್ಪಣೆಯೂ ಬೇಕಾಗಿಲ್ಲ. ಮಂಡಳಿಯ ನಡಾವಳಿ ಪುಸ್ತಕ ಪ್ರತಿ ಇಗರ್ಜಿಯಲ್ಲೂ ಇರಬೇಕಾದದ್ದೇ. ಹೊಸ ಗುರ್ಕಾರರ ಹೆಸರು ಬರೆದುಕೊಳ್ಳುವ ಮೊದಲು ಆ ಪುಸ್ತಕ ತೆಗೆದು, ಹೋದ ಅವಧಿಯಲ್ಲಿ ಮಂಡಳಿ ಕೊಟ್ಟ ಸಲಹೆಗಳಲ್ಲಿ ಯಾವುದು ನಡೆಯಿತು, ಯಾವುದನ್ನು ಬಿಟ್ಟರು, ಯಾಕೆ ಬಿಟ್ಟರು ಅಂತ ವಾರ್ಡಿನ ಸಭೆಗಳಲ್ಲಿ ಓದಿ ಹೇಳಲಿ. ಹುಡುಗರನ್ನು ಆಮೇಲೆ ಕೇಳಿ ನೋಡಲಿ.