ಮನೆಯಲ್ಲೇ ಕ್ಯಾಪ್ಷನ್ ಕೆಲಸ: ಕೂಲಿ ಯಾವ ನಿಮಿಷಕ್ಕೆ?

ಬೆಂಗಳೂರು: ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಮನೆಗಳಿಗೆ ‘ಕುಳಿತಲ್ಲೇ ಸಂಪಾದನೆ’ ಎಂಬ ಮಾತು ಹೊಸದಲ್ಲ. 2000ರ ದಶಕದಲ್ಲಿ ನಗರದಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್ ಅಲೆ ಎದ್ದಿತ್ತು. ಧ್ವನಿ ಗುರುತಿಸುವ ತಂತ್ರಾಂಶ ಬಂದ ಮೇಲೆ ಟೈಪ್ ಮಾಡುವವರು ತಿದ್ದುವವರಾದರು. ಈಗ ಕ್ಲೋಸ್ಡ್ ಕ್ಯಾಪ್ಷನ್ ಸರದಿ.

ಸಂಭಾಷಣೆಯ ಜೊತೆಗೆ ಬಾಗಿಲು ಬಡಿದ ಸದ್ದು, ಹಿನ್ನೆಲೆ ಸಂಗೀತವನ್ನೂ ಕಿವಿ ಕೇಳದವರಿಗಾಗಿ ತೆರೆಯ ಮೇಲೆ ಬರೆದು ತೋರಿಸುವುದೇ ಈ ಕೆಲಸ. ಇದರ ಅಗತ್ಯದ ಬಗ್ಗೆ ಸಂದೇಹವಿಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಶ್ರವಣದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು. ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ದೃಶ್ಯ ಮಾಧ್ಯಮ ಅವರಿಗೂ ಎಟುಕಬೇಕೆನ್ನುತ್ತದೆ. ಚಿತ್ರಮಂದಿರಗಳಿಗೆ ಸಂಬಂಧಿಸಿದ ಕೇಂದ್ರದ ಮಾರ್ಗಸೂಚಿ 2024ರ ಮಾರ್ಚ್‌ನಲ್ಲಿ ಹೊರಬಿತ್ತು.

ಪ್ರಶ್ನೆ ಇರುವುದು ಕೂಲಿಯದು. ಸಾಮಾನ್ಯವಾಗಿ ಹಣ ಎಣಿಸುವುದು ವಿಡಿಯೋದ ನಿಮಿಷಕ್ಕೆ, ದುಡಿದ ನಿಮಿಷಕ್ಕಲ್ಲ. ನಿಮಿಷಕ್ಕೆ 30 ರೂಪಾಯಿ ದರವೆಂದೇ ಇಟ್ಟುಕೊಳ್ಳೋಣ. ಕೇಳಿ, ಬರೆದು, ಸಮಯ ಹೊಂದಿಸಿ, ತಿದ್ದಲು ಹೊಸಬರಿಗೆ ಪ್ರತಿ ನಿಮಿಷದ ವಿಡಿಯೋಗೆ ಹತ್ತು ನಿಮಿಷ ಹಿಡಿದರೆ, ಗಂಟೆಯ ಗಳಿಕೆ 180 ರೂಪಾಯಿ. ಕರೆಂಟು, ಇಂಟರ್‌ನೆಟ್ ವೆಚ್ಚ ನಮ್ಮದೇ. ಪಕ್ಕದ ಮನೆಯ ಮಿಕ್ಸಿ ಸದ್ದಿಗೆ ಮತ್ತೆ ಮತ್ತೆ ಕೇಳಿದ ಸಮಯಕ್ಕೆ ಬೆಲೆಯಿಲ್ಲ.

ದರ ಸ್ಥಿರವೂ ಅಲ್ಲ. ಅಮೆರಿಕದ ರೆವ್ ಕಂಪನಿ 2019ರ ನವೆಂಬರ್‌ನಲ್ಲಿ ಧ್ವನಿಯನ್ನು ಬರಹಕ್ಕಿಳಿಸುವ ಕನಿಷ್ಠ ದರವನ್ನು ನಿಮಿಷಕ್ಕೆ 45 ಸೆಂಟ್‌ನಿಂದ 30ಕ್ಕೆ ಇಳಿಸಿತು. 2022ರಲ್ಲಿ ಓಪನ್‌ಎಐ ಬಿಡುಗಡೆ ಮಾಡಿದ ‘ವಿಸ್ಪರ್’ ಇದೇ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಆದರೆ ಧಾರವಾಡದ, ಮಂಗಳೂರಿನ ಮಾತಿನ ಧಾಟಿ ಯಂತ್ರಕ್ಕೆ ಇಂದಿಗೂ ತೊಡಕೇ. ಕನ್ನಡ ಬಲ್ಲವರ ಬಲ ಇರುವುದು ಇಲ್ಲಿ.

ಇನ್ನು ರಕ್ಷಣೆ. ರಾಜ್ಯದ 2025ರ ಗಿಗ್ ಕಾರ್ಮಿಕರ ಕಾಯ್ದೆಯ ಪಟ್ಟಿಯಲ್ಲಿ ಆಹಾರ ವಿತರಣೆ, ಟ್ಯಾಕ್ಸಿಗಳ ಜೊತೆಗೆ ‘ಕಂಟೆಂಟ್ ಮತ್ತು ಮಾಧ್ಯಮ ಸೇವೆ’ಯೂ ಇದೆ. ಕಲ್ಯಾಣ ನಿಧಿಗೆ ಪ್ಲಾಟ್‌ಫಾರ್ಮ್‌ಗಳು ಶುಲ್ಕ ಕಟ್ಟಬೇಕು. ಡೆಲಿವರಿ ಹುಡುಗರು ರಸ್ತೆಯಲ್ಲಿ ಕಣ್ಣಿಗೆ ಬೀಳುತ್ತಾರೆ. ಕೆಂಗೇರಿಯ ಮನೆಯೊಳಗೆ ಹೆಡ್‌ಫೋನ್ ಹಾಕಿ ಕುಳಿತ ಗೃಹಿಣಿ ಬೀಳುವುದಿಲ್ಲ. ಹೊರದೇಶದ ಕಂಪನಿಗೆ ದುಡಿಯುವ ಆಕೆಯನ್ನು ಈ ಕಾಯ್ದೆಯಡಿ ತರದಿದ್ದರೆ ಪಟ್ಟಿಯ ಆ ಸಾಲು ಕಾಗದದಲ್ಲೇ ಉಳಿದೀತು.

ಈ ಕೆಲಸಕ್ಕೆ ಇಳಿಯುವವರು ಎರಡು ಮಾತು ನೆನಪಿಡಬೇಕು. ಕೆಲಸ ಕೊಡಲು ಮುಂಗಡ ಠೇವಣಿ ಕೇಳುವವರನ್ನು ನಂಬಬಾರದು. ಒಪ್ಪಿಕೊಳ್ಳುವ ಮುನ್ನ ಗಡಿಯಾರ ಮುಂದಿಟ್ಟು ಹತ್ತು ನಿಮಿಷದ ವಿಡಿಯೋಗೆ ಬರೆದು ನೋಡಬೇಕು. ನಿಜವಾದ ಸಂಬಳ ಎಷ್ಟೆಂದು ಆ ಗಡಿಯಾರವೇ ಹೇಳುತ್ತದೆ.