ಕೂಗಿದವರ ಹೆಸರೂ ಗೊತ್ತಿರಲಿ

ಆಸ್ಟ್ರೇಲಿಯಾ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಕ್ರಿಕೆಟ್. ಆದರೆ ಮೆಲ್ಬರ್ನ್ ಜನರಿಗೆ ಅವರದೇ ಆದ ಒಂದು ಫುಟ್‌ಬಾಲ್ ಇದೆ. ಚೆಂಡೂ ಮೊಟ್ಟೆ ಆಕಾರ, ಮೈದಾನವೂ ಮೊಟ್ಟೆ ಆಕಾರ, ಒಂದೊಂದು ತಂಡದಲ್ಲಿ 18 ಜನ. ಒದೆಯಲೂಬಹುದು, ಕೈಯಲ್ಲಿ ಹಿಡಿಯಲೂಬಹುದು. ಆ ಆಟದ ಬಹಳ ದೊಡ್ಡ ಹೆಸರು ರಾಯ್ ಕಝೇಲಿ.

ಹುಟ್ಟಿದ್ದು 1893ರಲ್ಲಿ. 1911ರಲ್ಲಿ ಸೇಂಟ್ ಕಿಲ್ಡಾ ತಂಡಕ್ಕೆ ಬಂದರು, 1921ರಲ್ಲಿ ಸೌತ್ ಮೆಲ್ಬರ್ನ್‌ಗೆ ಹೋದರು. ಎರಡೂ ಕಡೆ 99 ಪಂದ್ಯ, ಒಟ್ಟು 198. ಮೇಲೆ ಹಾರಿ ಚೆಂಡು ಹಿಡಿಯೋದು, ಇಲ್ಲವೇ ತಮ್ಮವರ ಕಡೆ ತಟ್ಟೋದು ಅವರ ಕೆಲಸ. ಎತ್ತರ ಸುಮಾರು 180 ಸೆಂ.ಮೀ. ಆ ಕೆಲಸಕ್ಕೆ ಇದೇನೂ ದೊಡ್ಡ ಎತ್ತರ ಅಲ್ಲ. ಅದಕ್ಕೇ ಮನೆಯ ಶೆಡ್‌ನಲ್ಲಿ ಚೆಂಡು ನೇತುಹಾಕಿ ಹಾರಿ ಹಾರಿ ಅಭ್ಯಾಸ ಮಾಡ್ತಿದ್ದರು.

ಇಲ್ಲಿವರೆಗೂ ಎಲ್ಲರೂ ಹೇಳುವ ಕಥೆ. ನಾವು ಹೇಳಬೇಕಂತಿರೋದು ಉಳಿದ ಇಬ್ಬರ ಬಗ್ಗೆ.

ಸೌತ್ ಮೆಲ್ಬರ್ನ್‌ನಲ್ಲಿ ಕಝೇಲಿ ಜೊತೆ ಫ್ರೆಡ್ ಫ್ಲೈಟರ್, ಮಾರ್ಕ್ ಟ್ಯಾಂಡಿ ಇದ್ದರು. ಎದುರಾಳಿಗಳನ್ನು ಅಡ್ಡಗಟ್ಟಿ ಕಝೇಲಿಗೆ ಜಾಗ ಮಾಡಿಕೊಡೋದು ಫ್ಲೈಟರ್. ಕಝೇಲಿ ತಟ್ಟಿದ ಚೆಂಡನ್ನು ಕೆಳಗೆ ಹಿಡಿದು ಓಡೋದು ಟ್ಯಾಂಡಿ. ನಮ್ಮ ಫಿಸಿಕ್ಸ್ ಲೆಕ್ಕದಲ್ಲಿ ಹೇಳೋದಾದರೆ, 60 ಸೆಂ.ಮೀ. ಹಾರಿದವರು ಗಾಳಿಯಲ್ಲಿ ಇರೋದು ಬರೀ 0.7 ಸೆಕೆಂಡು. ಅಷ್ಟರಲ್ಲಿ ಯಾರಾದರೂ ಭುಜಕ್ಕೆ ಗುದ್ದಿದರೆ ಆ ಹಾರಾಟ ಅಲ್ಲಿಗೇ ಮುಗೀತು. ಕೆಳಗೆ ಹಿಡಿಯುವವರು ಇಲ್ಲದಿದ್ದರೆ ಮೇಲೆ ತಟ್ಟಿಯೂ ಪ್ರಯೋಜನ ಇಲ್ಲ.

ತಮಾಷೆ ಏನಂದ್ರೆ, "ಅಪ್ ದೇರ್, ಕಝೇಲಿ!" ಅಂತ ಮೊದಲು ಕೂಗಿದ್ದೇ ಫ್ಲೈಟರ್. ಆ ಕೂಗು ಪ್ರೇಕ್ಷಕರಿಗೆ ಹಬ್ಬಿತು. ಎರಡನೇ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಸೈನಿಕರೂ ಅದನ್ನೇ ಕೂಗಿದರು. 1979ರಲ್ಲಿ ಮೈಕ್ ಬ್ರೇಡಿ ಅದೇ ಹೆಸರಲ್ಲಿ ಹಾಡು ಮಾಡಿದರು. ಕಝೇಲಿ 1963ರಲ್ಲಿ ತೀರಿಕೊಂಡರೂ ಹೆಸರು ಉಳೀತು. ಕೂಗಿದವರ ಹೆಸರು ಮಾತ್ರ ಆ ಕೂಗಿನಲ್ಲಿ ಇಲ್ಲ.

ಕಝೇಲಿಗೆ ಸಿಕ್ಕ ಹೊಗಳಿಕೆ ಜಾಸ್ತಿಯಾಯಿತು ಅಂತ ನಾವು ಹೇಳ್ತಿಲ್ಲ. ಶೆಡ್‌ನಲ್ಲಿ ಹಾರಿದ್ದು ಅವರೇ. ಆದರೆ ಮೇಲೆ ಕಂಡವರನ್ನೇ ಇಡೀ ತಂಡ ಅಂದುಕೊಳ್ಳೋದು ತಪ್ಪು. ನಮ್ಮ ಮಿನಿ ಪ್ರಾಜೆಕ್ಟ್‌ಗಳಲ್ಲೂ ಇದೇ ಕಥೆ. ವೈವಾದಲ್ಲಿ ಚೆನ್ನಾಗಿ ಮಾತಾಡಿದವರಿಗೆ ಶಭಾಷ್ ಸಿಗುತ್ತೆ, ರಾತ್ರಿಯೆಲ್ಲ ಕೂತು ಸೋಲ್ಡರಿಂಗ್ ಮಾಡಿದವರು ಹಿಂದೆ ನಿಂತಿರ್ತಾರೆ. ಬೇರೆಯವರು ಗಮನಿಸದೇ ಇರಬಹುದು. ಯಾರು ಏನು ಮಾಡಿದ್ದು ಅಂತ ತಂಡದವರಿಗಂತೂ ಗೊತ್ತಿರುತ್ತೆ. ಅದನ್ನ ಜೋರಾಗಿ ಹೇಳೋದು ಮಾತಾಡೋ ಅವಕಾಶ ಸಿಕ್ಕವರ ಜವಾಬ್ದಾರಿ. ಫ್ಲೈಟರ್ ತಮ್ಮ ಜೊತೆಗಾರನಿಗಾಗಿ ಮಾಡಿದ್ದೂ ಅದನ್ನೇ ಅಲ್ವಾ?