ಬಲೆ ಮೀನೋ, ತೋಟೆ ಮೀನೋ?

ತುಂಗಭದ್ರೆಯ ಬಂಡೆ ಮೇಲೆ ಒಂದು ಹಿಡಿ ಮೀನಿನ ಹುರುಪೆ ಕಂಡರೆ ಸುಮ್ಮನೆ ದಾಟಿ ಹೋಗಬೇಡಿ. ಅದು ನೀರುನಾಯಿಯ ಹಿಕ್ಕೆ. ಹುರುಪೆ, ಮುಳ್ಳು, ಏಡಿ ಚಿಪ್ಪಿನ ಚೂರು. ಆ ವಾಸನೆಯಲ್ಲೇ ಒಂದು ಸಂಸಾರ ಇನ್ನೊಂದಕ್ಕೆ ತಿಳಿಸುತ್ತದೆ: ಇಲ್ಲಿ ನಾವಿದ್ದೇವೆ.

ಇನ್ನೆಷ್ಟು ದಿನ?

2015ರಲ್ಲಿ ಸರ್ಕಾರ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿಗೆಂದು ಮೀಸಲಿಟ್ಟಿತು. ಎದೆ ತಟ್ಟಿಕೊಂಡೆವು. ಆಮೇಲೆ? ಗೆಜೆಟ್ಟಿನಲ್ಲಿ ಅಚ್ಚು ಹಾಕಿದರೆ ಮುಗಿಯಿತೇ?

ಅದೇ ಹೊಳೆಯಲ್ಲಿ ತೋಟೆ ಹೊಡೆಯುವವನ ಕೆಲಸ ನೋಡಿ. ಜಿಲೆಟಿನ್ ಕಡ್ಡಿಗೆ ಬತ್ತಿ ಸಿಕ್ಕಿಸಿ ಮಡುವಿಗೆ ಎಸೆಯುತ್ತಾನೆ. ಧಡ್ ಎಂದು ನೀರೆದ್ದು ಬೀಳುತ್ತದೆ. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಒಡೆಯುತ್ತದೆ. ತೇಲಿದ್ದನ್ನು ಬಾಚಿಕೊಳ್ಳುತ್ತಾನೆ. ಮುಳುಗಿದ್ದು ತಳದಲ್ಲಿ ಕೊಳೆಯುತ್ತದೆ. ಮೊಟ್ಟೆಯೂ ಹೋಯಿತು, ಮರಿಯೂ ಹೋಯಿತು. ಅದೇ ಮಡುವಿನಲ್ಲಿ ಸಾಲುಗಟ್ಟಿ ಮೀನು ಅಟ್ಟುವ ನೀರುನಾಯಿಗಳ ಗತಿ? ದಡದ ಬಂಡೆ ಸಂದಿಯಲ್ಲಿ ಇನ್ನೂ ಕಣ್ಣು ಬಿಡದ ಮರಿಗಳ ಗತಿ? ಅವುಗಳ ಸಾವು ಯಾರ ಲೆಕ್ಕದಲ್ಲಿದೆ?

ತೋಟೆ ಹೊಡೆದು ಮೀನು ಹಿಡಿಯಕೂಡದೆಂದು 1897ರಲ್ಲೇ ಕಾನೂನಾಗಿದೆ. 1972ರ ವನ್ಯಜೀವಿ ಕಾಯ್ದೆಯೂ ಇದೆ. ಹಾಗಾದರೆ ಜಿಲೆಟಿನ್ ಹೊಳೆಗೆ ಬಂದದ್ದು ಹೇಗೆ? ಅಧಿಕಾರಿಗಳೇ, ಅದಕ್ಕೆ ಲೈಸೆನ್ಸ್ ಕೊಡುವವರು ನೀವು. ಸ್ಟಾಕ್ ಲೆಕ್ಕ ನೋಡಬೇಕಾದವರು ನೀವು. ಹೊಳೆಯ ಲೂಟಿ ತೋಟೆಗಷ್ಟೇ ನಿಂತಿಲ್ಲ: ಉಸುಕಿನ ಟ್ರ್ಯಾಕ್ಟರ್ ರಾತ್ರಿಯೆಲ್ಲ ಊರ ನಡುವೆಯೇ ಓಡುತ್ತದೆ. ಹಸುಗೂಸಿನ ನಿದ್ದೆ ಕೆಡಿಸುವ ಆ ಸದ್ದು ನಿಮಗೊಬ್ಬರಿಗೆ ಕೇಳದೇ? ಯಾರ ದುಡ್ಡು ನಿಮ್ಮ ಕಿವಿ ಮುಚ್ಚಿದೆ?

ನೀರುನಾಯಿ ಮೀನನ್ನೆಲ್ಲ ತಿಂದುಹಾಕುತ್ತದೆ ಎಂದು ದೂರುವವರೂ ಇದ್ದಾರೆ. ಹಸಿವಿಗೆ ತಿನ್ನುವ ಪ್ರಾಣಿಯೂ ಮಡುವಿನ ಸಂತಾನವನ್ನೇ ಅಳಿಸುವ ತೋಟೆಯೂ ಒಂದೇ ತಕ್ಕಡಿಯವೇ? ಹೊಳೆಯ ಬೇಟೆಗಾರರಲ್ಲಿ ನೀರುನಾಯಿ ತುದಿಯಲ್ಲಿರುವ ಜೀವ. ಹೊಲದ ವಿಷ ನೀರಿಗೆ ಇಳಿದರೆ ಮೀನಿನ ಮೂಲಕ ಇದರ ಮೈ ಸೇರುತ್ತದೆ. ಇದು ಮರಿ ಹಾಕಿ ಸಾಕುತ್ತಿದ್ದರೆ ಹೊಳೆಗೆ ಇನ್ನೂ ಉಸಿರಿದೆ ಎಂದರ್ಥ. ಹರಿಗೋಲಿನಲ್ಲಿ ಬಲೆ ಬೀಸಿ ಬದುಕುವವನ ಅನ್ನವೂ ಅದೇ ಉಸಿರಿನಲ್ಲಿದೆ. ತೋಟೆ ಇಬ್ಬರ ಹೊಟ್ಟೆಗೂ ಹೊಡೆಯುತ್ತದೆ.

ನಾವೇನು ಸಾಚಾಗಳೇ? ಸಂತೆಯಲ್ಲಿ ಕೆಜಿಗೆ ಹತ್ತು ರೂಪಾಯಿ ಕಮ್ಮಿಗೆ ಚೌಕಾಸಿ ಮಾಡುತ್ತೇವೆ. ಬಲೆ ಮೀನೋ, ತೋಟೆ ಮೀನೋ ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ? ಇವತ್ತಿನಿಂದ ಕೇಳೋಣ.

ಅಧಿಕಾರಿಗಳನ್ನೂ ಕೇಳೋಣ. ಈ 34 ಕಿಲೋಮೀಟರಿಗೆ ರಾತ್ರಿ ಕಾವಲು ಎಷ್ಟು ಮಂದಿ? ಅವರಿಗೆ ದೋಣಿ ಇದೆಯೇ? ಹೋದ ವರ್ಷ ಎಷ್ಟು ಕೇಸು ಹಾಕಿದಿರಿ? ಎಷ್ಟರಲ್ಲಿ ಶಿಕ್ಷೆಯಾಯಿತು? ಫೈಲು ಹಿಡಿದು ಹೊಳೆದಂಡೆಗೆ ಬನ್ನಿ. ಜನರೆದುರು ನಿಂತು ಓದಿ ಹೇಳಿ.